ಡಿಮೆನ್ಷಿಯಾ ಇರುವ ಅಪ್ಪ ಮೂರು ದಿನದಿಂದ ಮಂಕಾಗಿದ್ದಾರೆ, ಇದು ಕಾಯಿಲೆಯ ಕೊನೆಯ ಹಂತವೇ?

ಹಂತದ ಲೆಕ್ಕ ಮೊದಲು ಬಿಡಿ. ಮರೆವಿನ ಕಾಯಿಲೆ ಸಾಮಾನ್ಯವಾಗಿ ಹೆಚ್ಚಾಗೋದು ತಿಂಗಳು, ವರ್ಷಗಳ ಮೇಲೆ. ಮೂರು ದಿನದಲ್ಲಿ ಮನುಷ್ಯ ಬದಲಾದರೆ ಮೈಯಲ್ಲಿ ಬೇರೇನೋ ಆಗಿದೆ ಅಂತಲೇ ಹಿಡಿಯಿರಿ.

ನಮ್ಮಪ್ಪ ಬಸ್ ಕಂಡಕ್ಟರ್ ಆಗಿದ್ದವರು. ಎಲ್ಲ ಮರೆತ ಮೇಲೂ ಮನೆಗೆ ಬಂದವರನ್ನು "ಎಲ್ಲಿಗೆ? ಚಿಲ್ಲರೆ ಕೊಡಿ" ಅಂತ ನಿಲ್ಲಿಸುತ್ತಿದ್ದರು. ಅದು ಇದ್ದಕ್ಕಿದ್ದಂತೆ ನಿಂತುಹೋಯಿತು. ಕೂತಲ್ಲೇ ತೂಕಡಿಕೆ, ಅನ್ನ ಬಾಯಲ್ಲೇ ಉಳಿಯೋದು. ನೆಂಟರು "ವಯಸ್ಸಾಯ್ತಲ್ಲ" ಅಂದರು, ನಾವೂ ಹೂಂಗುಟ್ಟಿದೆವು.

ಜೊತೆಗೆ ಪದೇ ಪದೇ ಸ್ವಲ್ಪ ಸ್ವಲ್ಪ ಭೇದಿ. ಮೆಡಿಕಲ್ ಶಾಪಿನಿಂದ ಭೇದಿ ನಿಲ್ಲುವ ಮಾತ್ರೆ ತಂದು ಕೊಟ್ಟೆ. ಎಡವಟ್ಟಾಗಿದ್ದೇ ಅಲ್ಲಿ. ಅದು ಭೇದಿಯೇ ಅಲ್ಲ! ಮಲ ಒಳಗೆ ಗಟ್ಟಿಯಾಗಿ ಕಚ್ಚಿಕೊಂಡು, ಅದರ ಪಕ್ಕದಿಂದ ನೀರು ಮಾತ್ರ ಸೋರುತ್ತಿತ್ತು. ಮಲಬದ್ಧತೆಗೆ ನಾನು ಮಲ ಕಟ್ಟುವ ಮಾತ್ರೆ ನುಂಗಿಸಿದೆ. ಸಾಲದ್ದಕ್ಕೆ, ಪಂಚೆ ಒದ್ದೆಯಾಗುತ್ತೆ ಅಂತ ನೀರೂ ಕಡಿಮೆ ಮಾಡಿದೆ. ತುಂಬಿದ ಕರುಳು ಒತ್ತಿ ಮೂತ್ರ ಕಟ್ಟಿತು, ಸೋಂಕಾಯಿತು. ಜ್ವರ ಇರಲೇ ಇಲ್ಲ. ವಯಸ್ಸಾದವರಲ್ಲಿ ಸೋಂಕಿದ್ದರೂ ಮೈ ಬಿಸಿಯಾಗದೇ ಇರಬಹುದಂತೆ. ಡಾಕ್ಟರು ಈ ಮಂಕಿಗೆ ಡೆಲಿರಿಯಂ ಅಂದರು, ಅಂದರೆ ಮೈಯ ತೊಂದರೆಯಿಂದ ಇದ್ದಕ್ಕಿದ್ದಂತೆ ತಲೆ ಗೊಂದಲವಾಗೋದು. ಕೂಗಾಡಿದರೆ ಮಾತ್ರ ಡೆಲಿರಿಯಂ ಅಂದುಕೊಂಡಿದ್ದೆ. ಸುಮ್ಮನೆ ಮಲಗಿಬಿಡೋದೂ ಅದೇ, ಮತ್ತು ಸುಮ್ಮನಿರುವವರ ಕಡೆ ಯಾರೂ ನೋಡೋದಿಲ್ಲ. ಎನಿಮಾ, ಕೆತೀಟರ್ (ಮೂತ್ರ ತೆಗೆಯುವ ನಳಿಗೆ), ಆಂಟಿಬಯಾಟಿಕ್ ಎಲ್ಲ ಆಗಿ ಟಿಕೆಟ್ ಕೇಳೋದು ಮತ್ತೆ ಶುರುವಾಯಿತು. ನಡಿಗೆ ಮಾತ್ರ ವಾಪಸ್ ಬರಲಿಲ್ಲ.

"ನೋವಿದೆಯಾ" ಅಂತ ಕೇಳಿ ನಂಬಬೇಡಿ. ನಮ್ಮಪ್ಪ ಪ್ರತಿ ಸಲ "ಇಲ್ಲ" ಅಂದವರೇ. ಮಗ್ಗುಲು ತಿರುಗಿಸುವಾಗ ಮುಖ ನೋಡಿ: ಹುಬ್ಬು ಗಂಟಾಗುತ್ತಾ, ನರಳುತ್ತಾರಾ, ಮುಷ್ಟಿ ಬಿಗಿಯುತ್ತಾ? ಕಿಬ್ಬೊಟ್ಟೆ ಉಬ್ಬಿದೆಯಾ ಮುಟ್ಟಿ ನೋಡಿ. ಊಟದ ಮಧ್ಯೆ ಕೆಮ್ಮಿದರೆ ತುತ್ತು ಶ್ವಾಸನಾಳದ ದಾರಿ ಹಿಡಿಯುತ್ತಿರಬಹುದು, ಅದರಿಂದ ನ್ಯುಮೋನಿಯಾ ಆಗಬಹುದು. ಹೊಸದಾಗಿ ಶೀತದ ಮಾತ್ರೆ, ನಿದ್ದೆ ಮಾತ್ರೆ ಏನಾದರೂ ಶುರುವಾಗಿದೆಯಾ ನೆನಪಿಸಿಕೊಳ್ಳಿ, ಅವೂ ತಲೆ ಮಂಕು ಮಾಡುತ್ತವೆ. ನಮ್ಮನೆ ಕ್ಯಾಲೆಂಡರಿನಲ್ಲಿ ಈಗ ಏಕಾದಶಿಗಿಂತ ಅಪ್ಪನಿಗೆ ಮಲ ಆದ ದಿನಕ್ಕೇ ಹೆಚ್ಚು ಗುರುತು. ನಗಬೇಡಿ, ನೀವೂ ಹಾಕಿ.

ನಾಳೆಗೆ ಬಿಡದೆ ಇವತ್ತೇ ತೋರಿಸಿ. ಬಾಯಿ ಸೊಟ್ಟಗಾಗಿದ್ದರೆ ಅಥವಾ ಒಂದು ಕೈ ಎತ್ತಲಾಗದಿದ್ದರೆ ಈ ಉತ್ತರ ಓದೋದು ಬಿಟ್ಟು ಹೊರಡಿ, ಅದು ಪಾರ್ಶ್ವವಾಯು ಇರಬಹುದು. ಡಾಕ್ಟರ ಮುಂದೆ "ಡಿಮೆನ್ಷಿಯಾ ಇದೆ" ಅಂತ ಮಾತು ಶುರು ಮಾಡಬೇಡಿ, ಎಲ್ಲವನ್ನೂ ಅದರ ಲೆಕ್ಕಕ್ಕೇ ಬರೆದುಬಿಡುತ್ತಾರೆ. "ಮೂರು ದಿನದ ಹಿಂದೆ ಹೀಗಿರಲಿಲ್ಲ" ಅಂತ ಶುರು ಮಾಡಿ. ಮೂತ್ರ, ರಕ್ತದ ಸಕ್ಕರೆ, ಸೋಡಿಯಂ (ರಕ್ತದ ಉಪ್ಪಿನಂಶ) ಪರೀಕ್ಷೆ ಬೇಕಾ ಅಂತ ನೀವೇ ಕೇಳಿ.