ವಿಡಿಯೋದಲ್ಲಿ ಒದೆಯುವ ಕಾಲನ್ನಲ್ಲ, ನಿಂತ ಕಾಲನ್ನು ನೋಡಿ

ನೀವು ಕೇಳಿರುವುದು ಇಷ್ಟು: ಮನೆಯಲ್ಲೇ ಕಿಕ್‌ಬಾಕ್ಸಿಂಗ್ ವಿಡಿಯೋ ಹಾಕಿಕೊಂಡು ವ್ಯಾಯಾಮ ಶುರು ಮಾಡಬೇಕು, ಆದರೆ ಮಂಡಿ ಆಗಾಗ ನೋಯುತ್ತದೆ, ‘ಲೋ ಇಂಪ್ಯಾಕ್ಟ್’ ಅಂತ ಬರೆದಿರುವ ವಿಡಿಯೋ ಆರಿಸಿಕೊಂಡರೆ ಸಾಕಾ?

ಸಾಲದು. ಆ ಎರಡು ಪದ ನಂಬಿ ಮಂಡಿ ಊದಿಸಿಕೊಂಡು ಆರು ವಾರ ಮನೆಯಲ್ಲಿ ಕೂತವಳು ನಾನು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಲೋ ಇಂಪ್ಯಾಕ್ಟ್ ಅಂದರೆ ಒಂದು ಕಾಲಾದರೂ ಯಾವಾಗಲೂ ನೆಲದ ಮೇಲೆ ಇರುತ್ತದೆ, ಜಿಗಿತ ಇರುವುದಿಲ್ಲ, ಅಷ್ಟೇ. ಅದು ಬೇಕೇ ಬೇಕು, ಬೇಡ ಅಂತಿಲ್ಲ. ಸುಮ್ನೆ ನಡೆಯುವಾಗಲೇ ಮಂಡಿಯ ಮೇಲೆ ನಮ್ಮ ತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ, ಮೆಟ್ಟಿಲು ಇಳಿಯುವಾಗ ಮೂರು ಪಟ್ಟಿಗಿಂತ ಜಾಸ್ತಿ. ಇನ್ನು ಜಿಗಿದು ಇಳಿಯುವುದು ಹೇಗಿರಬೇಕು ಅಂತ ನೀವೇ ಯೋಚಿಸಿ. ಆದರೆ ಕಿಕ್‌ಬಾಕ್ಸಿಂಗ್‌ನಲ್ಲಿ ಮಂಡಿಯನ್ನು ಹಾಳು ಮಾಡುವುದು ಜಿಗಿತ ಒಂದೇ ಅಲ್ಲ. ತಿರುಚುವುದು ಇನ್ನೂ ಕೆಟ್ಟದ್ದು. ಒಂದು ಕಾಲು ನೆಲಕ್ಕೆ ಅಂಟಿಕೊಂಡಿರುವಾಗಲೇ ಮೈ ತಿರುಗಿಬಿಡುತ್ತದೆ, ಮತ್ತು ಆ ವಿಡಿಯೋ ಲೆಕ್ಕದಲ್ಲಿ ಆಗಲೂ ಲೋ ಇಂಪ್ಯಾಕ್ಟೇ.

ನನಗೆ ಆಗಿದ್ದು ಹೀಗೆ. ಮೂವತ್ತು ನಿಮಿಷದ ವಿಡಿಯೋ, ಒಂದೂ ಜಿಗಿತ ಇಲ್ಲ. ಮುಕ್ಕಾಲು ಭಾಗ ಮುಗಿದಿತ್ತು, ಬಲಗಾಲಿನಿಂದ ರೌಂಡ್‌ಹೌಸ್ ಕಿಕ್ ಸಾಲು ಸಾಲಾಗಿ ಹಾಕುತ್ತಿದ್ದೆ, ಅಂದರೆ ಪಕ್ಕದಿಂದ ಬೀಸಿ ಒದೆಯುವುದು. ಎಡಗಾಲು ಯೋಗ ಮ್ಯಾಟ್ ಮೇಲೆ, ಕಾಲಲ್ಲಿ ಓಡುವ ಶೂ. ಸೊಂಟ ತಿರುಗಿತು, ತೊಡೆ ತಿರುಗಿತು, ಪಾದ ಮಾತ್ರ ಮ್ಯಾಟ್ ಕಚ್ಚಿಕೊಂಡು ಅಲ್ಲೇ ನಿಂತಿತು. ನಡುವೆ ಸಿಕ್ಕಿಕೊಂಡಿದ್ದು ಮಂಡಿ. ಆಗ ದೊಡ್ಡ ನೋವೇನೂ ಆಗಲಿಲ್ಲ, ಏನೋ ಎಳೆದ ಹಾಗಾಯಿತು ಅಂತ ಮುಂದುವರಿಸಿದೆ. ಸಂಜೆ ಕುರ್ಚಿಯಿಂದ ಏಳುವಾಗ ನೋಡಿದರೆ ಮಂಡಿಚಿಪ್ಪಿನ ಎರಡೂ ಪಕ್ಕ ಇರುತ್ತಲ್ಲ ಸಣ್ಣ ತಗ್ಗು, ಅದು ಎಡಗಾಲಿನಲ್ಲಿ ಕಾಣುತ್ತಲೇ ಇರಲಿಲ್ಲ. ಊತ ತುಂಬಿಕೊಂಡಿತ್ತು. ಫಿಸಿಯೋಥೆರಪಿಸ್ಟ್ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, ‘ಒದ್ದಿದ್ದು ಯಾವ ಕಾಲಲ್ಲಿ?’ ಬಲಗಾಲು ಅಂದೆ. ‘ಮತ್ತೆ ನೋವು ಎಡಗಾಲಿಗೆ, ಅಲ್ವಾ?’ ಅಂದರು. ಲಿಗಮೆಂಟ್, ಅಂದರೆ ಮೂಳೆಗಳನ್ನು ಕಟ್ಟಿ ಹಿಡಿಯುವ ಪಟ್ಟಿ, ಎಳೆದಿತ್ತು, ಪುಣ್ಯಕ್ಕೆ ಹರಿದಿರಲಿಲ್ಲ.

ಅವತ್ತಿಂದ ನಾನು ವಿಡಿಯೋ ನೋಡುವ ರೀತಿಯೇ ಬದಲಾಯಿತು. ಮಂಡಿ ಹೆಚ್ಚುಕಡಿಮೆ ಬಾಗಿಲ ಕೀಲಿನ ಹಾಗೆ. ಮಡಚುವುದು, ಚಾಚುವುದು ಅದರ ಕೆಲಸ. ಮಡಚಿದಾಗ ಸ್ವಲ್ಪ ತಿರುಗುತ್ತದೆ, ನೇರವಾಗಿ ಚಾಚಿದಾಗ ಅದೂ ಇಲ್ಲ. ತಿರುಗುವ ಕೆಲಸ ಮೇಲೆ ಸೊಂಟದ ಕೀಲು ಮಾಡಬೇಕು, ಕೆಳಗೆ ಪಾದ ನೆಲದ ಮೇಲೆ ಮಾಡಬೇಕು. ಇವೆರಡರಲ್ಲಿ ಒಂದು ಕೈಕೊಟ್ಟರೆ ಬಾಕಿ ಉಳಿದದ್ದು ಮಂಡಿಯ ತಲೆಗೆ ಬರುತ್ತದೆ.

ಹಾಗಾಗಿ ಯಾವುದೇ ಹೊಸ ವಿಡಿಯೋವನ್ನು ಮೊದಲ ದಿನವೇ ಮಾಡಬೇಡಿ. ಕುರ್ಚಿಯಲ್ಲಿ ಕೂತು, ಸೌಂಡ್ ಪೂರ್ತಿ ಆಫ್ ಮಾಡಿ, ಹತ್ತು ನಿಮಿಷ ನೋಡಿ. ಸೌಂಡ್ ಯಾಕೆ ಆಫ್ ಅಂದರೆ, ಹಾಡು ಮತ್ತು ಕೂಗಾಟ ಕೇಳಿದರೆ ಹುರುಪು ಬಂದು ಕಣ್ಣು ಕೈಯ ಕಡೆಗೇ ಹೋಗುತ್ತದೆ. ನೀವು ನೋಡಬೇಕಾದ್ದು ಹೇಳಿಕೊಡುವವರ ನಿಂತ ಕಾಲು. ಅವರು ಪಕ್ಕಕ್ಕೆ ಒದೆಯುವಾಗ ನಿಂತ ಕಾಲಿನ ಹಿಮ್ಮಡಿ ಸ್ವಲ್ಪ ಎದ್ದು, ಮುಂಗಾಲಿನ ಮೇಲೆ ಪಾದ ತಿರುಗಿ, ಹಿಮ್ಮಡಿ ಒದೆಯುವ ದಿಕ್ಕಿನ ಕಡೆಗೆ ಬರಬೇಕು. ಇದಕ್ಕೆ ಪಿವಟ್ ಅನ್ನುತ್ತಾರೆ. ಪಾದ ತಿರುಗುತ್ತಿದೆಯಾ? ತಿರುಗುತ್ತಿದ್ದರೆ, ಅದನ್ನು ಶುರುವಿನಲ್ಲಿ ನಿಧಾನವಾಗಿ ಹೇಳಿಕೊಟ್ಟಿದ್ದಾರಾ, ಅಥವಾ ನಮಗೆ ಗೊತ್ತಿದೆ ಅಂದುಕೊಂಡು ನೇರ ಓಟ ಶುರು ಮಾಡಿದ್ದಾರಾ? ಹತ್ತು ನಿಮಿಷದಲ್ಲಿ ಒಂದು ಸಲವೂ ಪಾದದ ಮಾತು ಬರದಿದ್ದರೆ ಆ ವಿಡಿಯೋ ಬಿಡಿ. ಎಷ್ಟೋ ವಿಡಿಯೋಗಳಲ್ಲಿ ಕ್ಯಾಮೆರಾ ಮಂಡಿಯ ಕೆಳಗೆ ಇಳಿಯುವುದೇ ಇಲ್ಲ, ಪಾದ ಕಾಣುವುದೇ ಇಲ್ಲ. ಅವನ್ನಂತೂ ನಾನು ತಕ್ಷಣ ಮುಚ್ಚುತ್ತೇನೆ.

ಆಮೇಲೆ ಎಣಿಸಿ. ಒಂದೇ ಕಾಲಿನಿಂದ ಬಿಡದೆ ಎಷ್ಟು ಕಿಕ್? ಎಂಟು ಆದರೆ ಸರಿ. ಹದಿನಾರು ಬಂದರೆ ಯೋಚಿಸಿ. ಮೂವತ್ತೆರಡು ಆದರೆ ಬೇಡ. ಒದೆಯುವ ಕಾಲು ಸುಸ್ತಾಗುತ್ತದೆ ಅಂತಲ್ಲ, ಅಷ್ಟೂ ಹೊತ್ತು ನಿಮ್ಮ ಪೂರ್ತಿ ಭಾರ ಹೊತ್ತು ನಿಂತಿರುವ ಇನ್ನೊಂದು ಕಾಲು ಸೋಲುತ್ತದೆ. ಅದು ಸೋತಾಗ ಸೊಂಟ ಒಂದು ಕಡೆಗೆ ಜಗ್ಗುತ್ತದೆ, ಮಂಡಿ ಒಳಕ್ಕೆ ವಾಲುತ್ತದೆ, ಮತ್ತು ಅದೇ ಹೊತ್ತಿಗೆ ಪಾದ ತಿರುಗಿಸಲು ಮೈಯಲ್ಲಿ ಕಸುವು ಉಳಿದಿರುವುದಿಲ್ಲ. ನನಗೆ ಎಳೆದಿದ್ದು ಇಂಥ ಸಾಲಿನ ಕೊನೆಯಲ್ಲೇ. ಕಾಲು ಬದಲಾಯಿಸುತ್ತಾ, ನಡುನಡುವೆ ಪಂಚ್ ಸೇರಿಸುತ್ತಾ ಹೋಗುವ ವಿಡಿಯೋ ಹುಡುಕಿ.

ವೇಗದ ವಿಷಯವನ್ನು ಜನ ಗಮನಿಸುವುದೇ ಇಲ್ಲ, ಅದಕ್ಕೆ ಇದನ್ನು ಒತ್ತಿ ಹೇಳುತ್ತಿದ್ದೇನೆ. ಈಗ ಸೌಂಡ್ ಆನ್ ಮಾಡಿ, ಹದಿನೈದು ಸೆಕೆಂಡ್ ತಾಳ ಎಣಿಸಿ, ನಾಲ್ಕರಿಂದ ಗುಣಿಸಿ. 35 ಬಂತು ಅಂದರೆ ನಿಮಿಷಕ್ಕೆ 140. ಒಂದು ಕಿಕ್ ಅಂದರೆ ಮಂಡಿ ಎತ್ತಬೇಕು, ಕಾಲು ಚಾಚಬೇಕು, ಮತ್ತೆ ಮಡಚಬೇಕು, ಇಳಿಸಬೇಕು. ಎರಡು ತಾಳಕ್ಕೆ ಒಂದು ಕಿಕ್ ಅಂತ ಇಟ್ಟುಕೊಂಡರೆ 140ರಲ್ಲಿ ಈ ನಾಲ್ಕೂ ಕೆಲಸಕ್ಕೆ ಒಂದು ಸೆಕೆಂಡ್ ಕೂಡ ಸಿಗುವುದಿಲ್ಲ. ಆಗ ನಾವು ಏನು ಮಾಡುತ್ತೇವೆ? ಮಡಚುವುದನ್ನು ಬಿಟ್ಟುಬಿಡುತ್ತೇವೆ. ಕಾಲನ್ನು ಕೋಲಿನ ಹಾಗೆ ಬೀಸಿ ಎಸೆಯುತ್ತೇವೆ. ನಾನು 130 ದಾಟಿದ್ದನ್ನು ಮುಟ್ಟುವುದಿಲ್ಲ, ನೋವಿದ್ದ ತಿಂಗಳುಗಳಲ್ಲಿ 120ರ ಆಸುಪಾಸಿನಲ್ಲೇ ಇದ್ದೆ. ಹೇಳಿಕೊಡುವವರು ಇಷ್ಟವಾದರು, ಪಾಠ ಚೆನ್ನಾಗಿದೆ, ವೇಗ ಮಾತ್ರ ಜಾಸ್ತಿ ಅನಿಸಿದರೆ ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ ಪ್ಲೇಬ್ಯಾಕ್ ಸ್ಪೀಡ್ 0.75ಕ್ಕೆ ಇಳಿಸಿ. 140 ಇದ್ದದ್ದು 105 ಆಗುತ್ತದೆ. ಹಾಡು ಎಳೆದ ಹಾಗೆ ಕೇಳುತ್ತದೆ, ಅದನ್ನು ಮ್ಯೂಟ್ ಮಾಡಿ ನಿಮ್ಮ ಹಾಡು ಹಾಕಿಕೊಳ್ಳಿ.

ಯಾವ ಕಿಕ್ ಹೇಗೆ ಅಂತಲೂ ತಿಳಿದಿರಲಿ. ಮುಂದಕ್ಕೆ ಒದೆಯುವ ಫ್ರಂಟ್ ಕಿಕ್‌ನಲ್ಲಿ ತಿರುಗುವುದು ಕಮ್ಮಿ, ಸೊಂಟಕ್ಕಿಂತ ಕೆಳಗೆ ಇಟ್ಟುಕೊಂಡರೆ ಮಂಡಿಗೆ ತಡೆಯುತ್ತದೆ. ಬ್ಯಾಕ್ ಕಿಕ್ ಕೂಡ, ಸಣ್ಣದಾಗಿ, ಕುರ್ಚಿಯ ಬೆನ್ನು ಹಿಡಿದುಕೊಂಡು ಮಾಡಿದರೆ ಒಳ್ಳೆಯದೇ. ಸೈಡ್ ಕಿಕ್ ಮತ್ತು ರೌಂಡ್‌ಹೌಸ್‌ಗೆ ಪಿವಟ್ ಬೇಕೇ ಬೇಕು. ಅದು ಪಾದಕ್ಕೆ ಒಗ್ಗುವ ತನಕ ಅವು ಬಂದಾಗಲೆಲ್ಲ ಬರೀ ಮಂಡಿ ಎತ್ತಿ ಇಳಿಸಿ, ಏನೂ ನಷ್ಟವಿಲ್ಲ, ಎದೆಬಡಿತ ಅದರಿಂದಲೂ ಏರುತ್ತದೆ. ಜಿಗಿದು ಕಾಲು ಬದಲಾಯಿಸುವ ಸ್ವಿಚ್ ಕಿಕ್ ನಿಮಗೆ ಬೇಡ.

ಇನ್ನೊಂದು ಮಾತು. ಜಿಮ್‌ನಲ್ಲಿ ತೂಗುಹಾಕಿರುವ ಪಂಚಿಂಗ್ ಬ್ಯಾಗ್‌ಗೆ ಒದ್ದರೆ ಬ್ಯಾಗ್ ಕಾಲನ್ನು ತಡೆಯುತ್ತದೆ. ಮನೆಯಲ್ಲಿ ನಾವು ಒದೆಯುವುದು ಗಾಳಿಗೆ. ಅಲ್ಲಿ ಕಾಲನ್ನು ತಡೆಯುವುದು ನಿಮ್ಮ ತೊಡೆಯ ಹಿಂದಿನ ಸ್ನಾಯು ಮಾತ್ರ, ಅದು ತಡ ಮಾಡಿದರೆ ಮಂಡಿ ಟಕ್ ಅಂತ ಪೂರ್ತಿ ಚಾಚಿ ಲಾಕ್ ಆಗುತ್ತದೆ. ಕಾಲು ನೂರಕ್ಕೆ ತೊಂಬತ್ತರಷ್ಟು ಚಾಚಿ ಅಲ್ಲೇ ನಿಲ್ಲಿಸಿ ಮಡಚಿ. ‘ಸ್ನ್ಯಾಪ್ ಮಾಡಿ, ಸ್ನ್ಯಾಪ್ ಮಾಡಿ’ ಅಂತ ಕೂಗುತ್ತಾ ಮಡಚುವುದನ್ನು ತೋರಿಸದ ವಿಡಿಯೋದಲ್ಲಿ ಇದೇ ತೊಂದರೆ.

ಕಿಕ್ ಬೇಡವೇ ಬೇಡ, ಬರೀ ಬಾಕ್ಸಿಂಗ್ ವಿಡಿಯೋ ಮಾಡಿದರೆ ಆಯಿತಲ್ಲ ಅಂತ ನಿಮಗೆ ಅನಿಸಬಹುದು. ಶುರುವಿಗೆ ಅದು ನಿಜಕ್ಕೂ ಒಳ್ಳೆಯ ದಾರಿ, ನಾನೂ ಊತ ಇಳಿದ ಮೇಲೆ ಮೊದಲು ಮಾಡಿದ್ದು ಅದೇ. ಆದರೆ ಕ್ರಾಸ್ (ಹಿಂದಿನ ಕೈಯಿಂದ ನೇರ ಹೊಡೆತ) ಮತ್ತು ಹುಕ್ (ಮೊಣಕೈ ಮಡಚಿ ಪಕ್ಕದಿಂದ ಹೊಡೆತ) ಪಂಚ್‌ನಲ್ಲೂ ಸೊಂಟ ತಿರುಗುತ್ತದೆ. ಕ್ರಾಸ್ ಹೊಡೆಯುವಾಗ ಹಿಂದಿನ ಕಾಲಿನ ಹಿಮ್ಮಡಿ ಎದ್ದು ಹೊರಕ್ಕೆ ತಿರುಗದಿದ್ದರೆ ಅದೇ ತಿರುಚು ಆ ಮಂಡಿಗೆ ಬರುತ್ತದೆ, ಮೂವತ್ತು ನಿಮಿಷದಲ್ಲಿ ನೂರಾರು ಸಲ. ಪಂಚ್ ಅಂದರೆ ಕೈ ಕೆಲಸ ಅಂದುಕೊಂಡು ಕಾಲನ್ನು ಮರೆಯಬೇಡಿ. ಮಂಡಿ ತೀರಾ ಸಿಟ್ಟಾಗಿರುವ ದಿನಗಳಿಗೆ ಕುರ್ಚಿಯಲ್ಲಿ ಕೂತು ಮಾಡುವ ಬಾಕ್ಸಿಂಗ್ ವಿಡಿಯೋಗಳೂ ಇವೆ, ಹತ್ತು ನಿಮಿಷಕ್ಕೆ ಬೆವರು ಬರುತ್ತದೆ, ಸುಳ್ಳಲ್ಲ.

ವಿಡಿಯೋದ ನಡುವೆ ತುಂಬಿಸುವ ವ್ಯಾಯಾಮಗಳನ್ನೂ ನೋಡಿ. ಕಿಕ್‌ಬಾಕ್ಸಿಂಗ್ ಅಂತ ಹೆಸರಿಟ್ಟು ಅರ್ಧ ಭಾಗ ಸ್ಕ್ವಾಟ್ (ಕುಕ್ಕರಗಾಲಿನ ಹಾಗೆ ಕುಗ್ಗಿ ಏಳುವುದು), ಲಂಜ್ (ದೊಡ್ಡ ಹೆಜ್ಜೆ ಹಾಕಿ ಮಂಡಿ ಮಡಚುವುದು), ಹಗ್ಗದಾಟ, ಬರ್ಪಿ (ನೆಲಕ್ಕೆ ಕೈ ಊರಿ ಎದ್ದು ಜಿಗಿಯುವುದು) ಇಟ್ಟಿರುತ್ತಾರೆ. ಮಂಡಿ ಜಾಸ್ತಿ ಮಡಚಿದಷ್ಟೂ ಚಿಪ್ಪಿನ ಹಿಂದೆ ಒತ್ತಡ ಏರುತ್ತದೆ. ಸ್ಕ್ವಾಟ್ ಬಂದರೆ ನಾಲ್ಕನೇ ಒಂದು ಭಾಗದಷ್ಟು ಮಾತ್ರ ಕುಗ್ಗಿ, ಮುಂದಕ್ಕೆ ಹಾಕುವ ಲಂಜ್ ಬದಲು ಹಿಂದಕ್ಕೆ ಸಣ್ಣ ಹೆಜ್ಜೆ ಹಾಕಿ. ಬಾಕ್ಸರ್‌ಗಳ ಹಾಗೆ ಕುಪ್ಪಳಿಸುವ ಕಡೆಯಲ್ಲೆಲ್ಲ ಪಕ್ಕಕ್ಕೆ ಹೆಜ್ಜೆ ಹಾಕಿದರೆ ಸಾಕು. ಇಬ್ಬರು ಮೂವರು ಸೇರಿ ಮಾಡುವ ವಿಡಿಯೋ ಆದರೆ, ಅವರಲ್ಲಿ ಒಬ್ಬರು ಶುರುವಿನಿಂದ ಕೊನೆತನಕ ಹಗುರವಾದ ರೀತಿಯಲ್ಲೇ ಮಾಡುತ್ತಿರಬೇಕು. ಎರಡು ಸೆಕೆಂಡ್ ತೋರಿಸಿ ಮತ್ತೆ ಜಿಗಿಯಲು ಹೋಗುವವರನ್ನು ನೋಡಿಕೊಂಡು ನಾವು ಹಗುರವಾಗಿ ಮಾಡುವುದು ಕಷ್ಟ, ಮೈ ತಾನಾಗಿಯೇ ಅವರನ್ನು ಹಿಂಬಾಲಿಸುತ್ತದೆ.

ಹೆಸರು ಹೇಳಿ ಅಂತ ಕೇಳಿದ್ದೀರಿ. 1990ರ ದಶಕದಲ್ಲಿ ಅಮೆರಿಕದ ವ್ಯಾಯಾಮ ತರಬೇತುದಾರ ಬಿಲ್ಲಿ ಬ್ಲ್ಯಾಂಕ್ಸ್ ಅವರ ಟೇ ಬೋ ಅನ್ನುವ ವಿಡಿಯೋ ಕ್ಯಾಸೆಟ್‌ಗಳಿಂದಲೇ ಮನೆಯಲ್ಲಿ ಈ ತರಹದ ವ್ಯಾಯಾಮ ಮಾಡುವುದು ಅಷ್ಟು ಹರಡಿದ್ದು. ಅವರ ಹುರುಪು ನನಗೆ ಇವತ್ತಿಗೂ ಇಷ್ಟ, ಆದರೆ ವೇಗ ಜಾಸ್ತಿ, ಒಂದೇ ಚಲನೆ ತುಂಬಾ ಸಲ ಬರುತ್ತದೆ, ನೋಯುವ ಮಂಡಿಗೆ ಮೊದಲ ಆಯ್ಕೆ ಅದಾಗಬಾರದು. ಲೆಸ್ ಮಿಲ್ಸ್ ಅನ್ನುವ ವ್ಯಾಯಾಮ ಕಂಪನಿಯವರ ಬಾಡಿಕಾಂಬ್ಯಾಟ್ ಪಾಠಗಳು ಕೂಡ ಜೋರಾದದ್ದೇ, ಜಿಗಿತಕ್ಕೆ ಬದಲಿ ಹೇಳಿಕೊಡುತ್ತಾರೆ, ಆದರೂ ಪಿವಟ್ ಬಂದ ಮೇಲೆ ನೋಡಿ. ಒಂದು ವಿಡಿಯೋ ಹೆಸರು ಕೊಡುವುದಕ್ಕಿಂತ ಹುಡುಕುವ ಪದ ಕೊಡುತ್ತೇನೆ: ‘ಕಿಕ್‌ಬಾಕ್ಸಿಂಗ್ ಬಿಗಿನರ್ ಟೆಕ್ನಿಕ್’, ‘ನೋ ಜಂಪಿಂಗ್’, ‘ನೀ ಫ್ರೆಂಡ್ಲಿ’ (ಇಲ್ಲಿ ನೀ ಅಂದರೆ ಇಂಗ್ಲಿಷಿನಲ್ಲಿ ಮಂಡಿ). ಮೊದಲನೆಯದೇ ಮುಖ್ಯ. ಬೆವರಿಳಿಸುವ ವಿಡಿಯೋ ಆಮೇಲೆ, ಮೊದಲು ಎರಡು ವಾರ ಬರೀ ಕಲಿಸುವ ವಿಡಿಯೋ.

ನೆಲ ಮತ್ತು ಶೂ ಬಗ್ಗೆ ನನ್ನ ಕಥೆಯಿಂದಲೇ ಗೊತ್ತಾಗಿರುತ್ತದೆ. ಯೋಗ ಮ್ಯಾಟ್ ಸುತ್ತಿ ಇಡಿ. ದಪ್ಪ ಕಾರ್ಪೆಟ್ ಕೂಡ ಪಾದ ಹಿಡಿಯುತ್ತದೆ. ಓಡುವ ಶೂ ಮುಂದಕ್ಕೆ ಹೋಗಲು ಮಾಡಿದ್ದು, ಅದರ ಅಡಿ ನೆಲವನ್ನು ಕಚ್ಚುತ್ತದೆ. ಅಡಿ ಚಪ್ಪಟೆ ಇರುವ, ಗೀರು ಕಮ್ಮಿ ಇರುವ ಶೂ ಸಾಕು, ನಯವಾದ ನೆಲದಲ್ಲಿ ಬರಿಗಾಲೂ ಸರಿ, ಬರೀ ಸಾಕ್ಸ್ ಬೇಡ, ಜಾರುತ್ತದೆ. ಪರೀಕ್ಷೆ ಸುಲಭ: ನಿಂತುಕೊಂಡು ಒಂದು ಹಿಮ್ಮಡಿ ತುಸು ಎತ್ತಿ, ಸಿಗರೇಟು ಹೊಸಕುವ ಹಾಗೆ ಮುಂಗಾಲು ತಿರುಗಿಸಿ. ತಡೆಯಿಲ್ಲದೆ ತಿರುಗಿದರೆ ಆ ಜಾಗ ಸರಿ.

ವಾರಕ್ಕೆ ಎರಡು ದಿನ, ಹದಿನೈದು ನಿಮಿಷ, ಇಷ್ಟರಿಂದ ಶುರು ಮಾಡಿ. ಉಳಿದ ದಿನಗಳಲ್ಲಿ ಕಾಲಿಗೆ ಕಸುವು ತುಂಬಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಮಲಗಿಕೊಂಡು ನೇರ ಕಾಲು ಎತ್ತುವುದು, ಮಂಡಿ ಮಡಚಿ ಮಲಗಿ ಸೊಂಟ ಎತ್ತುವುದು. ನೋಡಲು ಸಪ್ಪೆ ಅನಿಸುತ್ತದೆ, ಆದರೆ ನನ್ನ ಎಡಗಾಲು ಮತ್ತೆ ನೆಟ್ಟಗೆ ನಿಂತದ್ದು ಇವುಗಳಿಂದಲೇ. ತೂಕ ಜಾಸ್ತಿ ಇದೆ, ಅದಕ್ಕೇ ನೋವು ಅಂತ ಬೇಸರದಿಂದ ಬರೆದಿದ್ದೀರಿ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ ಅನ್ನುವುದು ಅಳೆದು ನೋಡಿದ ಲೆಕ್ಕ. ಎರಡು ಕೆಜಿ ಇಳಿದರೂ ಮಂಡಿಗೆ ಗೊತ್ತಾಗುತ್ತದೆ.

ಮಾಡುವಾಗ ಸ್ವಲ್ಪ ಬಿಗಿ ಅನಿಸಿ, ಮುಗಿದ ಮೇಲೆ ಹೋದರೆ ಪರವಾಗಿಲ್ಲ. ಚುಚ್ಚಿದ ಹಾಗೆ ನೋವು ಬಂದರೆ ಅಲ್ಲೇ ನಿಲ್ಲಿಸಿ, ನನ್ನ ಹಾಗೆ ಮುಗಿಸಿಯೇ ಬಿಡುತ್ತೇನೆ ಅಂತ ಹಟ ಬೇಡ. ಮಾರನೇ ದಿನ ಬೆಳಿಗ್ಗೆ ಮೆಟ್ಟಿಲು ಇಳಿದು ನೋಡಿ. ನಿನ್ನೆಗಿಂತ ನೋವು ಜಾಸ್ತಿ ಇದ್ದರೆ ಆ ವಿಡಿಯೋ ನಿಮ್ಮ ಮಂಡಿಗೆ ಇನ್ನೂ ಭಾರ, ಸಮಯ ಅರ್ಧಕ್ಕೆ ಇಳಿಸಿ ಅಥವಾ ಬೇರೆಯದನ್ನು ಹುಡುಕಿ. ಊತ ಬಂದರೆ, ಮಂಡಿ ನಡುವೆ ಸಿಕ್ಕಿಕೊಂಡ ಹಾಗೆ ಆದರೆ, ನಿಂತಾಗ ಕುಸಿದ ಹಾಗೆ ಅನಿಸಿದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ವಿಡಿಯೋ ವಿಷಯ ಆಮೇಲೆ, ಮೊದಲು ಡಾಕ್ಟರಿಗೆ ತೋರಿಸಿ.

ನಿಮಗೆ ನೋವು ಬರುವುದು ಮೆಟ್ಟಿಲು ಇಳಿಯುವಾಗಲಾ, ತಿರುಗುವಾಗಲಾ, ಜಾಸ್ತಿ ಹೊತ್ತು ಕೂತು ಏಳುವಾಗಲಾ ಅಂತ ಬರೆದಿಲ್ಲ. ಅದನ್ನು ಬರೆಯಿರಿ, ಜೊತೆಗೆ ನೀವು ಆರಿಸಿಟ್ಟುಕೊಂಡ ಎರಡು ಮೂರು ವಿಡಿಯೋಗಳ ಹೆಸರನ್ನೂ ಹಾಕಿ. ನಾನು ಸೌಂಡ್ ಆಫ್ ಮಾಡಿ ನೋಡಿ ಹೇಳುತ್ತೇನೆ.