ಪಗಾರದಲ್ಲಿ ಇಎಸ್‌ಐ ಹಿಡಿಯುತ್ತಾರೆ, ಕಾರ್ಡ್ ಮಾತ್ರ ಕೊಡಲ್ಲ

ಪ್ರಶ್ನೆ: ನಮ್ಮ ಮನೆಯವರು ಗಿಣಿಗೇರಾ ಹತ್ತಿರದ ಕಬ್ಬಿಣದ ಕಾರ್ಖಾನೆಯಲ್ಲಿ ಮೂರು ವರ್ಷದಿಂದ ಗುತ್ತೇದಾರರ ಕೈಕೆಳಗೆ ದುಡಿಯುತ್ತಿದ್ದಾರೆ. ಪಗಾರ 14,000 ರೂಪಾಯಿ. ಇಎಸ್‌ಐ ಅಂತ ತಿಂಗಳಿಗೆ 560 ಹಿಡಿಯುತ್ತಾರೆ. ಕಾರ್ಡ್ ಕೇಳಿದರೆ 'ಬರ್ತದೆ ತಡಿ' ಅನ್ನುತ್ತಾರೆ. ಇವರಿಗೆ ಒಂದು ತಿಂಗಳಿಂದ ಕೆಮ್ಮು. ಊರಲ್ಲೇ ಇಂಜೆಕ್ಷನ್ ಹಾಕಿಸಿಕೊಂಡು ಡ್ಯೂಟಿಗೆ ಹೋಗುತ್ತಾರೆ. ದೊಡ್ಡ ದವಾಖಾನೆಗೆ ಹೋದರೆ ಹಾಜರಿ ಹೋಗುತ್ತದೆ ಅಂತ ಹೆದರಿಕೆ. ಏನು ಮಾಡಲಿ?
– ಓದುಗರು, ಕೊಪ್ಪಳ ತಾಲ್ಲೂಕು

ಉತ್ತರ: ಮೊದಲು ಕೆಮ್ಮು ನೋಡೋಣ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡಿಲ್ಲ. ಕಾರ್ಡ್ ಬರಲಿ ಅಂತ ಕಾಯಬೇಡಿ, ಈ ವಾರವೇ ಕರೆದುಕೊಂಡು ಹೋಗಿ. ಕಾರ್ಖಾನೆಯಲ್ಲಿ ಎಂಥ ಕೆಲಸ, ಎಷ್ಟು ಧೂಳು ಅನ್ನೋದನ್ನೂ ವೈದ್ಯರಿಗೆ ನೀವೇ ಬಾಯಿಬಿಟ್ಟು ಹೇಳಿ. ಓಪಿಡಿ ಗದ್ದಲದಲ್ಲಿ ಅವರು ಕೇಳದೇ ಹೋಗಬಹುದು.

ಈಗ ಆ 560ರ ಲೆಕ್ಕ. ಇಎಸ್‌ಐ ಅಂದರೆ ನೌಕರರ ರಾಜ್ಯ ವಿಮೆ. ಇದಕ್ಕೆ ಕಾರ್ಮಿಕರೂ ಮಾಲೀಕರೂ ತಿಂಗಳಿಗೆ ವಂತಿಗೆ ಕಟ್ಟಬೇಕು. ಕಾರ್ಮಿಕನ ಪಾಲು ಸಂಬಳದ ಶೇ 0.75 ಮಾತ್ರ. 14,000ಕ್ಕೆ 105 ರೂಪಾಯಿ. ಮಾಲೀಕರ ಪಾಲು ಶೇ 3.25, ಅಂದರೆ 455. ಎರಡೂ ಕೂಡಿಸಿದರೆ ಸರಿಯಾಗಿ 560! ಅಂದರೆ ಮಾಲೀಕರು ಕಟ್ಟಬೇಕಾದ್ದನ್ನೂ ನಿಮ್ಮವರ ಪಗಾರದಿಂದಲೇ ಮುರಿಯುತ್ತಿದ್ದಾರೆ. ಇದು ಕಾನೂನಿಗೆ ವಿರುದ್ಧ. ಹಿಡಿದದ್ದನ್ನು ಕಟ್ಟಿದ್ದಾರೋ ಇಲ್ಲವೋ, ಅದು ಬೇರೆ ಪ್ರಶ್ನೆ.

ಅದಕ್ಕೇ ಕಾರ್ಡ್ ಕೇಳುವ ಬದಲು ವಿಮಾ ನಂಬರ್ ಕೇಳಿ. ಹತ್ತು ಅಂಕಿಯ ನಂಬರ್ ಅದು. ನಂಬರ್ ಇದ್ದರೆ ಯಾವ ತಿಂಗಳು ಎಷ್ಟು ಕಟ್ಟಿದ್ದಾರೆ ಅನ್ನೋದನ್ನು ಇಎಸ್‌ಐ ಜಾಲತಾಣದಲ್ಲೇ ನೋಡಬಹುದು. ಕೊಡದಿದ್ದರೆ 1800 11 2526ಕ್ಕೆ ಫೋನ್ ಮಾಡಿ, ಇದು ಉಚಿತ. ಜೊತೆಗೆ ಪಗಾರ ಚೀಟಿ, ಹಾಜರಿ ಕಾರ್ಡ್, ಪಾಸ್‌ಬುಕ್ ಇವುಗಳ ಜೆರಾಕ್ಸ್ ಹಚ್ಚಿ ಇಎಸ್‌ಐ ಶಾಖಾ ಕಚೇರಿಗೆ ಬರೆದು ಕೊಡಿ. ಗುತ್ತೇದಾರ ಕೈ ಎತ್ತಿದರೂ ಕಾರ್ಖಾನೆಯವರು ಜಾರಿಕೊಳ್ಳುವಂತಿಲ್ಲ. ಗುತ್ತಿಗೆ ಕಾರ್ಮಿಕರ ವಂತಿಗೆಗೂ ಮೂಲ ಮಾಲೀಕರೇ ಹೊಣೆ.

ಇಷ್ಟು ಒದ್ದಾಟ ಯಾಕೆ, ಬಿಪಿಎಲ್ ಕಾರ್ಡ್ ಇದೆಯಲ್ಲ ಅಂತೀರಾ? ಅದು ಚಿಕಿತ್ಸೆ ಕೊಡಿಸುತ್ತದೆ, ಹೋದ ಕೂಲಿ ಕೊಡುವುದಿಲ್ಲ. ನಿಮ್ಮವರನ್ನು ತಡೆಯುತ್ತಿರುವುದೇ ಆ ಕೂಲಿ ಅಲ್ವಾ? ಅದನ್ನು ತುಂಬಿಕೊಡುವುದು ಇಎಸ್‌ಐ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ 78 ದಿನದ ವಂತಿಗೆ ಇದ್ದರೆ, ಮುಂದಿನ ಜನವರಿಯಿಂದ ಜೂನ್‌ವರೆಗೆ ಕಾಯಿಲೆ ಬಿದ್ದಾಗ ಕೂಲಿಯ ಶೇ 70 ಸಿಗುತ್ತದೆ. ಅಕ್ಟೋಬರ್–ಮಾರ್ಚ್ ದುಡಿಮೆ ಜುಲೈ–ಡಿಸೆಂಬರ್‌ಗೆ ಲೆಕ್ಕ. ವರ್ಷಕ್ಕೆ 91 ದಿನದವರೆಗೆ ಉಂಟು. ನಿಮ್ಮ ಲೆಕ್ಕದಲ್ಲಿ ದಿನಕ್ಕೆ ಸುಮಾರು 325 ರೂಪಾಯಿ. ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಮಾತ್ರ ಸಿಗುವುದಿಲ್ಲ. ಇದಕ್ಕೆ ಇಎಸ್‌ಐ ವೈದ್ಯರ ಸರ್ಟಿಫಿಕೇಟ್ ಬೇಕು, ಊರ ಡಾಕ್ಟರ್ ಚೀಟಿ ನಂಬಿ ಕೂರಬೇಡಿ.

ಪರೀಕ್ಷೆಯಲ್ಲಿ ಕ್ಷಯ ಅಂತ ಬಂದರೂ ಗಾಬರಿಯಾಗಬೇಡಿ. ಮಾತ್ರೆ ಪುಕ್ಕಟೆ, ಚಿಕಿತ್ಸೆ ಮುಗಿಯುವ ತನಕ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. ಎರಡು ವರ್ಷ ಸತತ ಕೆಲಸ ಮಾಡಿ 156 ದಿನದ ವಂತಿಗೆ ಇದ್ದವರಿಗೆ ಇಎಸ್‌ಐ ಇಂಥ ದೀರ್ಘ ಕಾಯಿಲೆಗೆ ಕೂಲಿಯ ಶೇ 80 ಕೊಡುತ್ತದೆ. ಮೂರು ವರ್ಷದ ಹಾಜರಿ ಕಾರ್ಡ್ ಜೋಪಾನ ಮಾಡಿ ಅನ್ನೋದು ಇದಕ್ಕೇ.

ಪ್ರಶ್ನೆ: ಬಳ್ಳಾರಿಯಲ್ಲಿ ಮನೆಯಲ್ಲೇ ಪೀಸ್ ಲೆಕ್ಕಕ್ಕೆ ಜೀನ್ಸ್ ಹೊಲಿಯುತ್ತೇನೆ. ಗರ್ಭಕೋಶ ತೆಗೆಸಬೇಕು ಅಂತ ಖಾಸಗಿ ಆಸ್ಪತ್ರೆಯಲ್ಲಿ ಹೇಳಿದರು. ಇ-ಶ್ರಮ್ ಕಾರ್ಡ್ ನಡೆಯುತ್ತಾ?

ಉತ್ತರ: ನಡೆಯಲ್ಲ. ಅದು ಅಸಂಘಟಿತ ಕಾರ್ಮಿಕರ ಬರೀ ನೋಂದಣಿ. ನಿಮಗೆ ಆಗಿಬರುವುದು ಸರ್ಕಾರದ ಚಿಕಿತ್ಸಾ ಯೋಜನೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದರೆ ಖರ್ಚಿನ ಶೇ 30, ಅದೂ 1.5 ಲಕ್ಷದೊಳಗೆ. ಆದರೆ ನೇರ ಖಾಸಗಿಗೆ ಹೋದರೆ ಕೆಲಸ ಆಗಲ್ಲ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆಗದಿದ್ದರೆ ಅವರೇ ಬೇರೆ ಕಡೆ ಬರೆದುಕೊಡುತ್ತಾರೆ. ವಿಮ್ಸ್ ಅಂತ ಕರೆಯುವ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೇ ಹೋಗಿ. ಗರ್ಭಕೋಶ ತೆಗೆಯುವುದು ನಿಜವಾಗಿ ಬೇಕಾ ಅಂತ ಅಲ್ಲಿ ಇನ್ನೊಬ್ಬ ವೈದ್ಯರನ್ನು ಕೇಳಿದ ಹಾಗೂ ಆಗುತ್ತದೆ. ಸುಮ್ನೆ ಒಬ್ಬರ ಮಾತಿನ ಮೇಲೆ ತೆಗೆಸುವ ಅಂಗವಲ್ಲ ಅದು. ಹೋಗುವ ಮುಂಚೆ ರೇಷನ್ ಕಾರ್ಡ್‌ನಲ್ಲೂ ಆಧಾರ್‌ನಲ್ಲೂ ನಿಮ್ಮ ಹೆಸರು ಒಂದೇ ಥರ ಇದೆಯಾ ನೋಡಿಕೊಳ್ಳಿ. ತವರಿನ ಕಾರ್ಡ್‌ನಲ್ಲೇ ಹೆಸರು ಉಳಿದಿದ್ದರೆ ಅದನ್ನು ಮೊದಲು ಸರಿಮಾಡಿಸಿ.