ಪ್ರತಿಕ್ರಿಯೆ: ಸಿಂಧನೂರಿನಲ್ಲಿ ನಾಯಿ ಕಚ್ಚಿದ ಮಗ ಮತ್ತು ಜೋಂಬಿಯ ಭಯ

ನಿನ್ನೆ ಸಿಂಧನೂರಿನಲ್ಲಿ ನಾಯಿಯೊಂದು ನಿಮ್ಮ ಮಗನ ಮೀನಖಂಡಕ್ಕೆ ರಕ್ತ ಬರುವಂತೆ ಕಚ್ಚಿತು, ಅಜ್ಜಿ ಗಾಯಕ್ಕೆ ಸುಣ್ಣ-ಖಾರದ ಪುಡಿ ಹಚ್ಚಿದರು, ಮಗ ತಾನು ಜೋಂಬಿಯಾಗುವೆನೆಂದು ಅಳುತ್ತಿದ್ದಾನೆ ಎಂದು ಬರೆದಿದ್ದೀರಿ. ನೀವು ಬರೆದಂತೆ ಜೊಲ್ಲು ಸುರಿಸುತ್ತ ಎದುರಿಗೆ ಸಿಕ್ಕವರನ್ನೆಲ್ಲ ಕಚ್ಚಿದ ಆ ನಾಯಿಗೆ ಬಹುಶಃ ರೇಬೀಸ್ (ಹುಚ್ಚುನಾಯಿ ರೋಗ) ತಗುಲಿತ್ತು. ನೋಟದಿಂದಷ್ಟೇ ಖಚಿತವಾಗಿ ಹೇಳಲಾಗದು, ಆದರೂ ರೇಬೀಸ್ ಎಂದೇ ಭಾವಿಸಿ ನಡೆಯಬೇಕು. ಕಚ್ಚಿದ್ದು ನಿನ್ನೆಯೇ ಆಗಿದ್ದರೂ, ಅಜ್ಜಿ ಹಚ್ಚಿದ ಸುಣ್ಣ-ಖಾರದ ಪುಡಿಯೆಲ್ಲ ಹೋಗುವಂತೆ ಮೀನಖಂಡದ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ. ನಂತರ ಇಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಿರಿ. ರಕ್ತ ಬಂದಿರುವುದರಿಂದ ಲಸಿಕೆಯೊಂದೇ ಸಾಲದು. ಗಾಯದ ಒಳಗೂ ಸುತ್ತಲೂ ಚುಚ್ಚುವ ಇಮ್ಯುನೋಗ್ಲೋಬ್ಯುಲಿನ್ (ವೈರಾಣುವನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಮದ್ದು) ಬೇಕೆಂದು ನೀವೇ ಬಾಯಿಬಿಟ್ಟು ಕೇಳಿರಿ. ಅಲ್ಲಿ ಅದು ಸಿಗದಿದ್ದರೆ ಮೊದಲ ಲಸಿಕೆ ಹಾಕಿಸಿಕೊಂಡೇ ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ರಿಮ್ಸ್‌ಗೆ ಹೊರಡಿರಿ. ವೈರಾಣು ನರಗಳ ಗುಂಟ ನಿಧಾನವಾಗಿ ಮಿದುಳಿಗೆ ಏರುತ್ತದೆ. ಅದು ತಲುಪುವ ಮೊದಲಷ್ಟೇ ಚಿಕಿತ್ಸೆ ಫಲಿಸುತ್ತದೆ, ಲಕ್ಷಣ ಕಾಣಿಸಿದ ಮೇಲೆ ಉಳಿದವರು ತೀರ ಅಪರೂಪ. ಆದ್ದರಿಂದ ವೈದ್ಯರು ಚೀಟಿಯಲ್ಲಿ ಬರೆದುಕೊಡುವ ಒಂದು ದಿನಾಂಕವನ್ನೂ, ಗಾಯ ಮಾಗಿತೆಂದು, ತಪ್ಪಿಸಬೇಡಿರಿ. ನಾಯಿ ಬದುಕಿದ್ದರೆ 10 ದಿನ ದೂರದಿಂದ ಗಮನಿಸಿರಿ, ಆದರೆ ಅದಕ್ಕಾಗಿ ಲಸಿಕೆಯನ್ನು ಮುಂದೂಡಬೇಡಿರಿ.

ತಾನು ಜೋಂಬಿಯಾಗಿ ತಂಗಿಯನ್ನು ಕಚ್ಚುವೆನೇ ಎಂದು ಅಳುತ್ತಿರುವ ಮಗನಿಗೆ, ಸತ್ತವರು ಎದ್ದು ಕಚ್ಚುವಂತೆ ಮಾಡುವ ವೈರಾಣು ಯಾವುದೂ ಇಲ್ಲವೆಂದು ಹೇಳಿರಿ. ಲಸಿಕೆ ಪಡೆಯುತ್ತಿರುವ ಮಗು ತಂಗಿಯ ಪಕ್ಕದಲ್ಲೇ ಕೂತು ಉಣ್ಣಬಹುದು.